47ನೇ ದಿನ ಏನಾಯಿತು? ಕುಡಿತ ಬಿಟ್ಟವರು ಮತ್ತೆ ಜಾರುವ ಬಗ್ಗೆ



ಕೂಟದ ಈ ಪುಟದಲ್ಲಿ ಸಾಮಾನ್ಯವಾಗಿ ಯುಗಾದಿ ಕಾರ್ಯಕ್ರಮದ ವರದಿ, ಮಕ್ಕಳ ಕನ್ನಡ ತರಗತಿಯ ಸುದ್ದಿ, ಪಿಕ್‌ನಿಕ್ ಫೋಟೋಗಳು ಬರುತ್ತವೆ. ಈ ಸಲ ಸ್ವಲ್ಪ ಬೇರೆ ವಿಷಯ. ನಾವು ನಾಲ್ಕು ಜನ ಗೆಳೆಯರು, ಎಲ್ಲರೂ ಸಾಫ್ಟ್‌ವೇರ್‌ನವರೇ, ಶನಿವಾರ ಬೆಳಿಗ್ಗೆ ಫ್ರೀಮಾಂಟ್‌ನ ಲೇಕ್ ಎಲಿಜಬೆತ್ ಸುತ್ತ ವಾಕಿಂಗ್ ಹೋಗುವವರು. ನಮ್ಮಲ್ಲೊಬ್ಬ ದೀಪಾವಳಿಯ ಮರುದಿನ ಕುಡಿತ ಬಿಟ್ಟ. 46 ದಿನ ಮುಟ್ಟಲಿಲ್ಲ. 47ನೇ ದಿನ ಕುಡಿದ. "ಬೇರೆಯವರಿಗೂ ಗೊತ್ತಾಗಲಿ, ಬರೀರಿ, ಹೆಸರು ಮಾತ್ರ ಬೇಡ" ಎಂದು ಅವನೇ ಹೇಳಿದ್ದರಿಂದ ಬರೆಯುತ್ತಿದ್ದೇವೆ. ನಾವು ಡಾಕ್ಟರುಗಳಲ್ಲ. ಆದರೆ ಆಮೇಲಿನ ತಿಂಗಳುಗಳಲ್ಲಿ ಈ ವಿಷಯ ಸಾಕಷ್ಟು ಓದಿದ್ದೇವೆ, ಗೊತ್ತಿರುವವರನ್ನು ಕೇಳಿದ್ದೇವೆ.

ಆಫೀಸಿನಲ್ಲಿ ಸರ್ವರ್ ಬಿದ್ದರೆ ಮರುದಿನ ಎಲ್ಲರೂ ಕೂತು ಎಷ್ಟು ಗಂಟೆಗೆ ಏನಾಯಿತು ಎಂದು ಬರೆಯುತ್ತೇವಲ್ಲ, ಅದಕ್ಕೆ ಪೋಸ್ಟ್‌ಮಾರ್ಟಮ್ ಎನ್ನುತ್ತಾರೆ (ಕೇಳಲು ಅಶುಭ, ಆದರೆ ಕೆಲಸಕ್ಕೆ ಬರುತ್ತದೆ). ಅಲ್ಲಿ ಯಾರ ತಪ್ಪು ಎಂದು ಹುಡುಕುವಂತಿಲ್ಲ, ಎಲ್ಲಿ ಕೆಟ್ಟಿತು ಎಂದಷ್ಟೇ ನೋಡಬೇಕು. ಒಂದು ವಾರದ ನಂತರ ಅವನ ಅಡುಗೆಮನೆ ಟೇಬಲ್ ಮೇಲೆ ಕಾಗದ ಹರಡಿಕೊಂಡು ನಾವು ಮಾಡಿದ್ದು ಅದನ್ನೇ.

ಬುಧವಾರ ರಾತ್ರಿ ರಿಲೀಸ್ ಇತ್ತು, ಮಲಗಿದ್ದು 2 ಗಂಟೆಗೆ. ಗುರುವಾರ ಬೆಳಿಗ್ಗೆ ಆರೂವರೆಗೆ ಹಾಸನದಿಂದ ಫೋನ್. ಅಪ್ಪ ಬಚ್ಚಲುಮನೆಯಲ್ಲಿ ಜಾರಿ ಬಿದ್ದಿದ್ದಾರೆ, ಮೂಳೆ ಏನೂ ಮುರಿದಿಲ್ಲ. ಅಣ್ಣ ಮಾತು ಮುಗಿಸುವಾಗ "ನೀನು ಅಲ್ಲೇ ಇರಪ್ಪಾ, ದುಡ್ಡು ಕಳಿಸ್ತೀಯಲ್ಲ, ಸಾಕು" ಎಂದ. ಆ ಮಾತು ಇಡೀ ದಿನ ಕಿವಿಯಲ್ಲೇ ಇತ್ತಂತೆ. ತಿಂಡಿ ತಿನ್ನಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ರಿಲೀಸಿನಲ್ಲಿ ತೊಂದರೆ ಕಂಡಿತು, ಎರಡು ಗಂಟೆಯ ಮೀಟಿಂಗಿನಲ್ಲಿ ಹನ್ನೆರಡು ಜನರ ಮುಂದೆ ಮ್ಯಾನೇಜರ್ ಇವನನ್ನೇ ಹಿಡಿದು ಕೇಳಿದ. ಹೊಟ್ಟೆಗೆ ಬಿದ್ದದ್ದು ಬರೀ ಕಾಫಿ. ಆರು ಗಂಟೆಗೆ 880ರಲ್ಲಿ ಟ್ರಾಫಿಕ್. ಮನೆಯಲ್ಲಿ ಯಾರೂ ಇಲ್ಲ, ಹೆಂಡತಿ ಮಗಳು ರಜಕ್ಕೆಂದು ಮೈಸೂರಿಗೆ ಹೋಗಿದ್ದರು.

ದಾರಿಯಲ್ಲಿ ಅವನಿಗೆ ನೆನಪಾಯಿತು, ಮನೆಯಲ್ಲಿ ಹಾಲಿಲ್ಲ.

ನಾವೆಲ್ಲ ನಿಂತು ಯೋಚಿಸಿದ್ದು ಇಲ್ಲೇ. ಅವನ ಮನೆಯ ಹತ್ತಿರವೇ ಇಂಡಿಯನ್ ಅಂಗಡಿ ಇದೆ, ವಾರಕ್ಕೆರಡು ಸಲ ಹಾಲು ಅಲ್ಲೇ ತರುವುದು. ಆದರೆ ಅವತ್ತು ಒಂದು ಎಕ್ಸಿಟ್ ಮುಂದೆ ಹೋಗಿ ದೊಡ್ಡ ಅಂಗಡಿಗೆ ಹೋದ. ಕ್ಯಾಲಿಫೋರ್ನಿಯಾದಲ್ಲಿ ದಿನಸಿ ಅಂಗಡಿಯಲ್ಲೇ ವಿಸ್ಕಿಯೂ ಸಿಗುತ್ತದೆ ಎಂಬುದು ನಿಮಗೆ ಗೊತ್ತು. "ಹಾಲಿಗೇ ಹೋದದ್ದು ಕಣ್ರೋ, ದೇವರಾಣೆ" ಎಂದ. ನಾವು ನಂಬುತ್ತೇವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಕುಡಿತಕ್ಕೆ ಮರಳುವುದರ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ 1985ರಲ್ಲಿ ಜೂಡಿತ್ ಗಾರ್ಡನ್ ಜೊತೆ ಒಂದು ಪುಸ್ತಕವನ್ನೇ ತಂದವರು. ಸಂಬಂಧವಿಲ್ಲವೆನಿಸುವ ಇಂಥ ಸಣ್ಣ ಸಣ್ಣ ತೀರ್ಮಾನಗಳೇ ಮನುಷ್ಯನನ್ನು ಬಾಟಲಿಯ ಮುಂದೆ ತಂದು ನಿಲ್ಲಿಸುತ್ತವೆ ಎಂದು ಅವರು ಗುರುತಿಸಿದ್ದರು. ಕುಡಿಯಬೇಕೆಂದು ಯಾರೂ ಹೊರಡುವುದಿಲ್ಲ, ಹಾಲಿಗೆಂದು ಹೊರಡುತ್ತಾರೆ! ಮರಳಿ ಕುಡಿಯಲು ಅವರು ಕಂಡ ಮುಖ್ಯ ಕಾರಣಗಳು ಮೂರು: ಬೇಸರ, ಸಿಟ್ಟು, ಆತಂಕದಂಥ ಭಾವನೆಗಳು, ಬೇರೆಯವರೊಡನೆ ಜಗಳ, "ಒಂದೇ ಒಂದು ತಗೋ" ಎನ್ನುವ ಜನರ ಒತ್ತಾಯ. ನಮ್ಮ ಗೆಳೆಯನಿಗೆ ಮೊದಲ ಎರಡೇ ಸಾಕಾದವು.

ಹಾಗಾದರೆ ಒತ್ತಡಕ್ಕೂ ಗ್ಲಾಸಿಗೂ ಏನು ನಂಟು? ಮಿದುಳಿನಲ್ಲಿ ಬ್ರೇಕ್ ಹಾಕುವ ಒಂದು ರಾಸಾಯನಿಕವಿದೆ, ಗಾಬಾ. ವೇಗ ಕೊಡುವ ಇನ್ನೊಂದಿದೆ, ಗ್ಲುಟಮೇಟ್. ಮದ್ಯ ಮೊದಲನೆಯದರ ಪರಿಣಾಮವನ್ನು ಹೆಚ್ಚಿಸಿ ಎರಡನೆಯದನ್ನು ತಗ್ಗಿಸುತ್ತದೆ, ಅದಕ್ಕೇ ಕುಡಿದಾಗ ಹಾಯೆನಿಸುವುದು. ದಿನಾ ಕುಡಿದರೆ ಮಿದುಳು ಸುಮ್ಮನಿರುವುದಿಲ್ಲ, ಸಮತೋಲನಕ್ಕಾಗಿ ತನ್ನದೇ ಬ್ರೇಕನ್ನು ಸಡಿಲಿಸಿ ಆಕ್ಸಲರೇಟರನ್ನು ಒತ್ತುತ್ತದೆ. ಮದ್ಯ ನಿಂತಾಗ ಸಡಿಲವಾದ ಬ್ರೇಕು, ಒತ್ತಿದ ಆಕ್ಸಲರೇಟರು ಎರಡೂ ಹಾಗೇ ಉಳಿಯುತ್ತವೆ. ಸರಿಹೋಗಲು ವಾರಗಳಲ್ಲ, ಕೆಲವರಿಗೆ ತಿಂಗಳುಗಳೇ ಬೇಕು. ನಿದ್ದೆಯೂ ಹಾಗೆಯೇ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ ನಿಜ, ಆದರೆ ಅದೇ ಮದ್ಯ ನಡುರಾತ್ರಿಯ ನಂತರದ ನಿದ್ದೆ ಕೆಡಿಸುತ್ತದೆ. ಬಿಟ್ಟ ಮೇಲೂ ಎಷ್ಟೋ ದಿನ ನಿದ್ದೆ ನೆಟ್ಟಗಾಗುವುದಿಲ್ಲ. ಆದ್ದರಿಂದ ಮೊದಲ ಮೂರು ನಾಲ್ಕು ತಿಂಗಳು ಸಣ್ಣ ಮಾತೂ ದೊಡ್ಡದಾಗಿ ಕೇಳಿಸುತ್ತದೆ. ಅಣ್ಣನ ಮಾತು ಬೇರೆ ವರ್ಷವಾಗಿದ್ದರೆ ಇವನು ನಕ್ಕು ಬಿಡುತ್ತಿದ್ದನೋ ಏನೋ.

ಇನ್ನೊಂದು, ಅಭ್ಯಾಸ. ಹತ್ತು ವರ್ಷ, ತಲೆಬಿಸಿಯಾದ ಪ್ರತಿ ಸಂಜೆ ಗ್ಲಾಸು ಹಿಡಿದರೆ ತಲೆಬಿಸಿ ಎಂದರೆ ಗ್ಲಾಸು ಎಂದು ಮಿದುಳು ಕಲಿತಿರುತ್ತದೆ. ಆ ಹಳೆಯ ಕೋಡ್ ಡಿಲೀಟ್ ಆಗುವುದಿಲ್ಲ, ಅದರ ಪಕ್ಕ ಹೊಸದನ್ನು ಬರೆಯುತ್ತಾ ಹೋಗುತ್ತೇವೆ ಅಷ್ಟೆ. ಹಸಿವು, ನಿದ್ದೆಗೇಡು, ಸಿಟ್ಟು ಸೇರಿದಾಗ ಹಳೆಯದೇ ಮೊದಲು ಓಡುತ್ತದೆ. ಇಲ್ಲಿನ ಗುಂಪುಗಳಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೂ ಇದೇ: ಹಸಿದಿದ್ದೀಯಾ, ಸಿಟ್ಟಾಗಿದ್ದೀಯಾ, ಒಬ್ಬನೇ ಇದ್ದೀಯಾ, ದಣಿದಿದ್ದೀಯಾ, ನೋಡಿಕೋ. ನಮ್ಮ ಕಾಗದದ ಮೇಲೆ ನಾಲ್ಕೂ ಇದ್ದವು. ಮಧ್ಯಾಹ್ನ ಎರಡು ತುತ್ತು ಮೊಸರನ್ನ ತಿಂದಿದ್ದರೆ ಇಷ್ಟಾಗುತ್ತಿತ್ತೇ ಎಂದು ನಮ್ಮಲ್ಲೊಬ್ಬ ಕೇಳಿದ. ಕೇಳಲು ತಮಾಷೆ, ಆದರೆ ಪ್ರಶ್ನೆ ಸರಿಯಾಗಿಯೇ ಇದೆ.

ಕುಡಿಯಬೇಕೆಂಬ ತುಡಿತ ಅಲೆಯ ಹಾಗೆ. ಏರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಏರುವಾಗ ಇದು ಇಳಿಯುವುದೇ ಇಲ್ಲ ಅನ್ನಿಸುತ್ತದೆ, ಅಲ್ಲೇ ಮೋಸ ಹೋಗುವುದು. ಆ ಅರ್ಧ ಗಂಟೆ ದಾಟಲು ಯಾರಿಗಾದರೂ ಫೋನ್ ಮಾಡಬೇಕು. ಅವನು ನಮಗೆ ಏಕೆ ಮಾಡಲಿಲ್ಲ? "ನಿಮಗೂ ರಿಲೀಸ್ ಇತ್ತಲ್ಲ, ಯಾಕೆ ತೊಂದರೆ ಕೊಡೋದು ಅಂತ." ಇದನ್ನು ಕೇಳಿ ನಮಗೆ ಬೇಜಾರಾಯಿತು. 46 ದಿನ "ಏನೇ ಇದ್ರೂ ಫೋನ್ ಮಾಡು ಗುರೂ" ಎಂದು ಬಾಯಿಮಾತಿಗೆ ಹೇಳಿದ್ದೆವೇ ಹೊರತು ನಾವಾಗಿ ಮಾಡಿದ್ದು ಕಡಿಮೆ.

ಗುರುವಾರ ರಾತ್ರಿ ಅವನು ಮೊದಲು ಸುರಿದುಕೊಂಡದ್ದು ಒಂದೇ ಪೆಗ್. ಅಷ್ಟಕ್ಕೇ ನಿಂತಿದ್ದರೆ ಅದು ಎಡವಿದ್ದು ಅಷ್ಟೇ ಆಗುತ್ತಿತ್ತು. ಆದರೆ ಎರಡನೆಯದಕ್ಕೆ ಮೊದಲು ಮನಸ್ಸು ಒಂದು ಮಾತು ಹೇಳಿತಂತೆ: "ಹೇಗೂ ಹೋಯಿತಲ್ಲ." ಎಡವುವುದಕ್ಕೂ ಬೀಳುವುದಕ್ಕೂ ನಡುವೆ ಇರುವುದು ಈ ಮಾತೇ ಎಂದು ಮಾರ್ಲಟ್ ವಿವರಿಸುತ್ತಾರೆ. ವ್ರತ ಮುರಿದವನ ನಾಚಿಕೆ, ನಾನು ಇಷ್ಟೇ ಎಂಬ ತೀರ್ಪು, ಆ ನೋವನ್ನು ಮರೆಯಲು ಮತ್ತೆ ಅದೇ ಗ್ಲಾಸು. ಶುಕ್ರವಾರ ಆಫೀಸಿಗೆ ಹೋಗಲಿಲ್ಲ, ಫೋನ್ ಆಫ್. ಶನಿವಾರ ವಾಕಿಂಗಿಗೆ ಬರದಿದ್ದಾಗ ನಾವು ಹೋಗಿ ಬಾಗಿಲು ತಟ್ಟಿದೆವು. ತುಂಬಾ ಹೊತ್ತಾದ ಮೇಲೆ ತೆರೆದ.

ಈಗ ನಮ್ಮ ತಪ್ಪು. ಒಳಗೆ ಹೋಗುತ್ತಲೇ ನಮ್ಮಲ್ಲೊಬ್ಬ "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲೋ" ಎಂದುಬಿಟ್ಟ. ಅವನು ತಲೆಯೆತ್ತಲಿಲ್ಲ. ಆ ಮಾತು ಕಟುವಾಗಿತ್ತು ಮಾತ್ರವಲ್ಲ, ಸುಳ್ಳೂ ಆಗಿತ್ತು. 46 ದಿನಗಳಲ್ಲಿ ದೇಹ ಎಷ್ಟೋ ಚೇತರಿಸಿಕೊಂಡಿತ್ತು, ಇಲ್ಲವೆನ್ನಲು ಕಲಿತಿದ್ದ, ಎರಡು ಪಾರ್ಟಿಗಳಲ್ಲಿ ಶುಂಠಿ ಸೋಡಾ ಹಿಡಿದು ಓಡಾಡಿದ್ದ. ಅದೇನೂ ಒಂದು ಬಾಟಲಿಯಲ್ಲಿ ಕರಗುವುದಿಲ್ಲ. 2000ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಹೆಸರಾಂತ ಲೇಖನ ವ್ಯಸನವನ್ನು ಬಿಪಿ, ಸಕ್ಕರೆ ಕಾಯಿಲೆ, ಅಸ್ತಮಾಗಳ ಜೊತೆ ಹೋಲಿಸಿತ್ತು. ಚಿಕಿತ್ಸೆಯ ನಂತರ ಒಂದು ವರ್ಷದೊಳಗೆ ವ್ಯಸನಕ್ಕೆ ಮರಳುವವರು ಶೇ. 40ರಿಂದ 60. ಬಿಪಿ, ಅಸ್ತಮಾದವರಲ್ಲಿ ಕಾಯಿಲೆ ಮತ್ತೆ ಕೆರಳುವುದು ಶೇ. 50ರಿಂದ 70 ಜನರಿಗೆ. ಬಿಪಿ ಏರಿದ ದೊಡ್ಡಪ್ಪನಿಗೆ ನಾವು "ಎಲ್ಲಾ ಹಾಳು ಮಾಡ್ಕೊಂಡ್ರಿ" ಎನ್ನುವುದಿಲ್ಲ, ಮಾತ್ರೆ ಬದಲಾಯಿಸಬೇಕೇನೋ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ.

ಆಲ್ಕೋಹಾಲಿಕ್ಸ್ ಅನಾನಿಮಸ್ ಅಥವಾ ಎ.ಎ. ಹೆಸರು ಕೇಳಿದ್ದೀರಿ. ಅದು ಹುಟ್ಟಿದ ಕಥೆಯೂ ಒಂದು ಕೆಟ್ಟ ದಿನದ ಕಥೆಯೇ. 1935ರ ಮೇ ತಿಂಗಳು, ಒಹಾಯೋದ ಆಕ್ರನ್. ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಅವತ್ತು ಬಿಸಿನೆಸ್ ವ್ಯವಹಾರ ಮುರಿದುಬಿದ್ದಿತ್ತು, ಊರು ಹೊಸದು, ಜೇಬು ಖಾಲಿ. ಮೇಫ್ಲವರ್ ಹೋಟೆಲಿನ ಲಾಬಿಯ ಒಂದು ಕಡೆಯ ಬಾರಿನಿಂದ ಜನರ ನಗು ಕೇಳಿಸುತ್ತಿತ್ತು, ಇನ್ನೊಂದು ಕಡೆ ಟೆಲಿಫೋನ್ ಇತ್ತು. ವಿಲ್ಸನ್ ಫೋನ್ ಹಿಡಿದು ಚರ್ಚಿನವರಿಗೆ ಕರೆ ಮಾಡಿ, ತನ್ನಂತೆಯೇ ಕಷ್ಟಪಡುವ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕು ಎಂದು ಕೇಳಿದರು. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಒಬ್ಬ ಸರ್ಜನ್. ಅವರು ಕುಡಿತ ಬಿಟ್ಟರು, ಕೆಲವೇ ವಾರಗಳಲ್ಲಿ ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋಗಿ ಚೆನ್ನಾಗಿ ಕುಡಿದು ಬಂದರು! ಬಿಲ್ ಅವರನ್ನು ಕೈಬಿಡಲಿಲ್ಲ. ಎ.ಎ. ಲೆಕ್ಕದಲ್ಲಿ ಬಾಬ್ ಕೊನೆಯ ಸಲ ಕುಡಿದದ್ದು ಜೂನ್ 10, 1935. 1950ರಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಮುಟ್ಟಲಿಲ್ಲ. ಜಾರಿ ಎದ್ದ ಆ ದಿನವನ್ನೇ ಎ.ಎ. ತನ್ನ ಹುಟ್ಟಿದ ದಿನವೆಂದು ಆಚರಿಸುತ್ತದೆ. ಈ ಕಥೆ ಹೇಳಿದಾಗ ನಮ್ಮ ಗೆಳೆಯ ಮೊದಲ ಸಲ ಸ್ವಲ್ಪ ನಕ್ಕ.

ಎ.ಎ. ಮೀಟಿಂಗುಗಳು ಹೆಚ್ಚಾಗಿ ಚರ್ಚಿನ ಹಾಲಿನಲ್ಲಿ ನಡೆಯುವುದರಿಂದ ನಮ್ಮವರಿಗೆ ಹಿಂಜರಿಕೆ. ಸೇರಲು ಕುಡಿತ ಬಿಡುವ ಆಸೆಯೊಂದೇ ಸಾಕು, ಯಾವ ಧರ್ಮವನ್ನೂ ಕೇಳುವುದಿಲ್ಲ. ದೇವರ ಮಾತೇ ಬೇಡ ಎನ್ನುವವರಿಗೆ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಸಂಸ್ಥೆಯಿದೆ. ಎರಡರಲ್ಲೂ ಆನ್‌ಲೈನ್ ಮೀಟಿಂಗುಗಳಿವೆ. ಔಷಧಿಗಳೂ ಇವೆ, ಇದು ಅನೇಕರಿಗೆ ಗೊತ್ತೇ ಇಲ್ಲ. ಕುಡಿತದ ಖುಷಿಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್‌ಗೆ ಅಮೆರಿಕದಲ್ಲಿ 1994ರಲ್ಲೂ, ಬಿಟ್ಟವರಿಗೆ ಬಿಟ್ಟೇ ಇರಲು ನೆರವಾಗುವ ಅಕಾಂಪ್ರೊಸೇಟ್‌ಗೆ 2004ರಲ್ಲೂ ಒಪ್ಪಿಗೆ ಸಿಕ್ಕಿದೆ. ಕುಡಿದರೆ ವಾಂತಿ ತರಿಸುವ ಡೈಸಲ್ಫಿರಾಮ್ ಇನ್ನೂ ಹಳೆಯದು. ಊರಿನ ಕೆಲವು ಮನೆಗಳಲ್ಲಿ ಇದನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವುದುಂಟು. ದಯವಿಟ್ಟು ಬೇಡ, ಪ್ರಾಣಕ್ಕೇ ಅಪಾಯ. ಹಾಗೆಯೇ, ಬಹುಕಾಲ ದಿನವೂ ತುಂಬಾ ಕುಡಿಯುತ್ತಿರುವವರು "ನಾಳೆಯಿಂದ ಬಂದ್" ಎಂದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ, ಸನ್ನಿ ಕೂಡ. ಡಾಕ್ಟರ ಉಸ್ತುವಾರಿ ಬೇಕೇ ಬೇಕು.

ವೀಸಾ ಚಿಂತೆ ಕೂಡ ಇರುತ್ತದೆ, ಅವನಿಗೂ ಇತ್ತು. ಸಲಹೆ ಕೇಳಿದರೆ ಕಂಪನಿಗೆ ಗೊತ್ತಾಗುತ್ತದೆ ಎಂಬ ಭಯ. ಚಿಕಿತ್ಸೆಯ ದಾಖಲೆಗಳ ಗುಟ್ಟಿಗೆ ಇಲ್ಲಿ ಕಾನೂನಿನ ರಕ್ಷಣೆಯಿದೆ. ನಿಜವಾಗಿ ಹೆದರಬೇಕಾದದ್ದು ಕುಡಿದು ಕಾರು ಓಡಿಸುವುದಕ್ಕೆ. 2015ರಿಂದ ಅಂಥ ಒಂದು ಅರೆಸ್ಟ್ ಆದರೂ ವೀಸಾ ರದ್ದು ಮಾಡುವ ಅಧಿಕಾರ ರಾಯಭಾರ ಕಚೇರಿಗಿದೆ. ಅವನು ಆ ರಾತ್ರಿ ಮನೆಗೆ ಬಂದೇ ಕುಡಿದದ್ದು ಎಂಬುದೊಂದೇ ನಮ್ಮ ಸಮಾಧಾನ.

ಹೆಂಡತಿಗೆ ಹೇಳುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಭಾನುವಾರ ಫೋನ್ ಮಾಡಿದ, ನಾವು ಹೊರಗೆ ಬಾಲ್ಕನಿಯಲ್ಲಿ ನಿಂತಿದ್ದೆವು. ಆಕೆ ಕೂಗಾಡಲಿಲ್ಲ. "ನೀವೇ ಹೇಳಿದ್ರಲ್ಲ, ಒಳ್ಳೇದಾಯ್ತು. ಆದ್ರೆ ಬೀರು ಸಂದಿಯಲ್ಲಿ ಬಾಟಲಿ ಹುಡುಕೋ ಕೆಲಸ ಇನ್ನು ನನ್ನ ಕೈಲಾಗಲ್ಲ" ಎಂದರಂತೆ. ಸೋಮವಾರ ಅವನೇ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡ.

ಆ ಕಾಗದದಿಂದ ನಾವು ಬದಲಾಯಿಸಿದ್ದು ಹೆಚ್ಚೇನಿಲ್ಲ. ಅವನ ಕಾರಿನಲ್ಲಿ ಕಡಲೆಬೀಜದ ಡಬ್ಬಿ ಇರುತ್ತದೆ. ಸಂಜೆ ಐದೂವರೆಗೆ ನಮ್ಮಲ್ಲಿ ಒಬ್ಬರು ಸರದಿಯಲ್ಲಿ ಫೋನ್ ಮಾಡುತ್ತೇವೆ, ಹೆಚ್ಚಾಗಿ ಕ್ರಿಕೆಟ್ ಮಾತೇ. ಹಾಲು ಇಂಡಿಯನ್ ಅಂಗಡಿಯಿಂದಲೇ. ಅಣ್ಣನ ಜೊತೆ ಮಾತು ಈಗಲೂ ಅಷ್ಟಕ್ಕಷ್ಟೇ.

ಕೂಟದ ಬಂಧುಗಳಲ್ಲಿ ಒಂದು ಕೋರಿಕೆ. ನಮ್ಮ ಕಾರ್ಯಕ್ರಮಗಳಲ್ಲಿ ಊಟಕ್ಕೆ ಮೊದಲು ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಡಿಕ್ಕಿ ತೆರೆಯುವ ಗುಂಪೊಂದು ಇರುತ್ತದೆ (ನಾವೂ ಅಲ್ಲಿ ನಿಂತವರೇ). ಯಾರಾದರೂ ಬೇಡ ಎಂದರೆ ಏಕೆ, ಡಯಟ್ಟಾ, ಹೆಂಡತಿ ಭಯಾನಾ ಎಂದು ಕೇಳಬೇಡಿ. ಬಿಟ್ಟವರು ಕಾರಣ ಹೇಳಲು ಇಷ್ಟಪಡದೆ ಗ್ಲಾಸು ಹಿಡಿದುಬಿಡುತ್ತಾರೆ. ಸಂಕ್ರಾಂತಿ ಕಾರ್ಯಕ್ರಮಕ್ಕೆ ಅವನು ಬಂದು ಸೌಂಡ್ ಸಿಸ್ಟಮ್ ನೋಡಿಕೊಂಡ, ಎಳ್ಳುಬೆಲ್ಲ ತೆಗೆದುಕೊಂಡು ಪಾರ್ಕಿಂಗ್ ಲಾಟಿನ ಕಡೆ ತಿರುಗದೆ ನಮ್ಮ ಕಾರಿನಲ್ಲೇ ಮನೆಗೆ ಹೋದ.

ಅಮೆರಿಕದಲ್ಲಿರುವವರು ಸಹಾಯಕ್ಕೆ 1-800-662-4357ಕ್ಕೆ ಕರೆ ಮಾಡಬಹುದು. ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ. ಮನಸ್ಸು ತೀರಾ ಕುಸಿದಿದ್ದರೆ 988. ಊರಿನಲ್ಲಿರುವ ಅಪ್ಪನಿಗೋ ಅಣ್ಣನಿಗೋ ಬೇಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಮತ್ತೆ, ಶನಿವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ವಾಕಿಂಗ್ ಇದ್ದೇ ಇರುತ್ತದೆ, ಕೆರೆಯ ದೋಣಿಮನೆ ಹತ್ತಿರ. ಯಾರು ಬೇಕಾದರೂ ಬನ್ನಿ. ಏಕೆ ಬಂದಿರಿ ಎಂದು ಕೇಳುವುದಿಲ್ಲ.