ಏರ್ ಹಿಡಿದ ಬ್ರೇಕು: ಒತ್ತಡದ ಪಾಠಕ್ಕೆ ಒಂದು ಉದಾಹರಣೆ

ಬಬ್ಬೂರಿನಲ್ಲಿ ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠ ಮಾಡುವಾಗ ಕಾರಿನ ಬ್ರೇಕನ್ನು ಉದಾಹರಣೆಗೆ ತೆಗೆದುಕೊಂಡೆ. ಹತ್ತಿರದ ಹಿರಿಯೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಗ್ಯಾರೇಜು, ಲಾರಿ ಈ ಮಕ್ಕಳಿಗೆ ಹೊಸದಲ್ಲ. “ಬ್ರೇಕ್ ರಿಪೇರಿಯಾದ ಮೇಲೆ ಒಬ್ಬರನ್ನು ಕಾರಿನೊಳಗೆ ಕೂರಿಸಿ, ‘ಒತ್ತು, ಹಿಡಿ’ ಎಂದು ಮೆಕ್ಯಾನಿಕ್ ಕೂಗುವುದೇಕೆ?” ಎಂದು ಕೇಳಿದೆ.

“ಏರ್ ಹಿಡಿದಿರುತ್ತೆ ಸಾರ್, ಬಿಡಿಸ್ತಾರೆ” ಎಂದ ಹಿಂದಿನ ಬೆಂಚಿನ ಹುಡುಗ. ಅವರ ಮನೆಯಲ್ಲಿ ತೋಟವಿದೆ, ಪಂಪ್‌ಸೆಟ್ ಇದೆ. ಗಾಳಿ ಅಲ್ಲಿ ಏನು ಮಾಡುತ್ತದೆ ಎಂದಾಗ, “ಎಣ್ಣೆಗೆ ಅಡ್ಡ ನಿಲ್ಲುತ್ತೆ” ಎಂದ. ನಾನು “ಹೌದು” ಎಂದುಬಿಟ್ಟೆ. ತಪ್ಪಾದದ್ದು ಅಲ್ಲಿ.

ಪಾಠದ ನಂತರ ಮಾರ್ಗದರ್ಶಕರು ಇದನ್ನು ಎತ್ತಿ ತೋರಿಸಿದರು. ಪಂಪಿನೊಳಗೆ ಗಾಳಿ ತುಂಬಿದರೆ ಹಗುರವಾದ ಗಾಳಿಯನ್ನು ತಿರುಗಿಸಿ ಸಾಕಷ್ಟು ಸೆಳೆತ ಹುಟ್ಟುವುದಿಲ್ಲ, ನೀರು ಮೇಲೇರುವುದಿಲ್ಲ. ಬ್ರೇಕಿನ ಕಥೆ ಬೇರೆ. ಅಲ್ಲಿ ಗಾಳಿ ಅಡ್ಡ ನಿಲ್ಲುವುದಿಲ್ಲ, ಕುಗ್ಗುತ್ತದೆ. ಮಾತು ಒಂದೇ, ಕಾರಣ ಎರಡು. ಮಕ್ಕಳ ಪೂರ್ವಜ್ಞಾನ ಸಿಕ್ಕಿದ ಖುಷಿಯಲ್ಲಿ ಅದನ್ನು ಪರೀಕ್ಷಿಸದೆ ಒಪ್ಪಿಕೊಂಡಿದ್ದೆ.

ಮರುದಿನ ಸೂಜಿಯಿಲ್ಲದ ಎರಡು ಸಿರಿಂಜು, ಸಲೈನ್ ನಳಿಕೆ, ಶಾಯಿ ಬೆರೆಸಿದ ನೀರು ತಂದೆ. (ಬ್ರೇಕ್ ಆಯಿಲ್ ವಿಷಕಾರಿ, ತರಗತಿಗೆ ಬೇಡ.) ನೀರು ಮಾತ್ರ ಇದ್ದಾಗ ಒಂದು ಪಿಸ್ಟನ್ ಒತ್ತಿದೊಡನೆ ಇನ್ನೊಂದು ಸರಿಯಿತು. ನಳಿಕೆಯಲ್ಲಿ ಗುಳ್ಳೆ ಸೇರಿಸಿ, ಎರಡನೆಯ ಪಿಸ್ಟನ್ನನ್ನು ಬಿಗಿಯಾಗಿ ಹಿಡಿಯಲು ಒಬ್ಬಳಿಗೆ ಹೇಳಿದೆ. ಮೊದಲನೆಯದು ಸ್ಪಂಜಿನಂತೆ ಒಳಗಿಳಿಯಿತು, ಆ ಕಡೆ ಏನೂ ಅಲುಗಲಿಲ್ಲ. “ಗುಳ್ಳೆ ಸಣ್ಣದಾಯ್ತು!” ಎಂದು ಮುಂದಿನ ಸಾಲಿನವರೇ ಕಂಡುಹಿಡಿದರು.

ಆಗ ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿದೆವು. ಬ್ರೇಕಿನ ಕೊಳವೆಯಲ್ಲಿ 1 ಘನ ಸೆಂ.ಮೀ. ಗಾಳಿ ಉಳಿದಿದೆ ಎನ್ನೋಣ. ಒತ್ತಡ ಹತ್ತು ಪಟ್ಟಾದರೆ ಬಾಯ್ಲ್ ನಿಯಮದಂತೆ ಅದು 0.1ಕ್ಕೆ ಇಳಿಯುತ್ತದೆ, 0.9 ಘನ ಸೆಂ.ಮೀ. ಜಾಗವನ್ನು ಎಣ್ಣೆ ತುಂಬಬೇಕು. ಮಾಸ್ಟರ್ ಸಿಲಿಂಡರಿನ ವ್ಯಾಸ 20 ಮಿ.ಮೀ. ಇದ್ದರೆ ಪಿಸ್ಟನ್ ಸುಮಾರು 3 ಮಿ.ಮೀ. ವ್ಯರ್ಥವಾಗಿ ಚಲಿಸುತ್ತದೆ. ಪೆಡಲಿನ ಸನ್ನೆ ನಾಲ್ಕು ಪಟ್ಟಾದರೆ ಕಾಲಿಗೆ ಅದು 12 ಮಿ.ಮೀ. ಕಡಲೆಕಾಯಿಯಷ್ಟು ಗಾಳಿಗೇ ಇಷ್ಟು.

ಇನ್ನು ‘ಒತ್ತು, ಹಿಡಿ’. ಕಾರಿನೊಳಗಿರುವವರು ಪೆಡಲನ್ನು ಒತ್ತಿ ಹಿಡಿಯುತ್ತಾರೆ. ಚಕ್ರದ ಬಳಿಯಿರುವವರು ನಿಪ್ಪಲ್ ಸಡಿಲಿಸಿದಾಗ ಗುಳ್ಳೆಗಳೊಡನೆ ಎಣ್ಣೆ ನಳಿಕೆಯ ಮೂಲಕ ಬಾಟಲಿಗೆ ಇಳಿಯುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ನಿಪ್ಪಲ್ ಬಿಗಿಯಾದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಹೊರಗಿನ ಗಾಳಿಯನ್ನು ಅದೇ ಎಳೆದುಕೊಳ್ಳುತ್ತದೆ. ಸಲೈನ್ ನಳಿಕೆಯ ರೋಲರನ್ನೇ ನಿಪ್ಪಲ್ ಮಾಡಿಕೊಂಡು ಇದನ್ನು ತೋರಿಸಬಹುದು: ರೋಲರ್ ಮುಚ್ಚದೆ ಪಿಸ್ಟನ್ ಹಿಂದೆಳೆದರೆ ಗುಳ್ಳೆ ಒಳಗೆ ಬರುವುದು ಕಣ್ಣಿಗೇ ಕಾಣುತ್ತದೆ. ಮೇಲಿನ ಡಬ್ಬಿಯಲ್ಲಿ ಎಣ್ಣೆ ಬರಿದಾಗಲು ಬಿಟ್ಟರೂ ಅದೇ ಗತಿ, ಕೆಲಸ ಮೊದಲಿನಿಂದ. ಯಾವ ಚಕ್ರ ಮೊದಲು ಎಂಬುದಕ್ಕೆ ಆಯಾ ಕಾರಿನ ಕೈಪಿಡಿಯನ್ನೇ ನೋಡಬೇಕು; ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ್ದು ಮೊದಲು.

ಗಂಟೆ ಹೊಡೆಯುವ ಮೊದಲು ಒಬ್ಬ ಹುಡುಗಿ ಕೇಳಿದಳು: “ಎರಡು ಮೂರು ಸಲ ಒತ್ತಿದರೆ ಪೆಡಲ್ ಗಟ್ಟಿಯಾಗುತ್ತಲ್ಲ ಸಾರ್, ಹಾಗಾದರೆ ಏರ್ ಹೋದಂತೆಯೇ?” ಇಡೀ ಪಾಠದ ಬೆಲೆ ಈ ಪ್ರಶ್ನೆಯಲ್ಲಿದೆ. ಬೇಗ ಬೇಗ ಒತ್ತಿದಾಗ ಪ್ರತಿ ಸಲವೂ ಡಬ್ಬಿಯಿಂದ ಇನ್ನಷ್ಟು ಎಣ್ಣೆ ಸೇರಿ, ಖಾಲಿ ಜಾಗವನ್ನು ತಾತ್ಕಾಲಿಕವಾಗಿ ತುಂಬುತ್ತದೆ. ಗಾಳಿ ಅಲ್ಲೇ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಪೆಡಲ್ ಮತ್ತೆ ಮೆತ್ತಗೆ. ಗ್ಯಾರೇಜಿನಲ್ಲಿ ನಾಲ್ಕು ಸಲ ಒತ್ತಿ ನೋಡಿ ‘ಸರಿಯಾಯಿತು’ ಎಂದು ಹೊರಟವರಿಗೆ, ಹೆದ್ದಾರಿಯಲ್ಲಿ ಎದುರಿಗೆ ಎಮ್ಮೆ ಬಂದಾಗ ಸಿಗುವುದು ಒಂದೇ ಒತ್ತು. ಆದ್ದರಿಂದ ಕಾರನ್ನು ಹೊತ್ತು ನಿಲ್ಲಿಸಿಟ್ಟು, ಮೊದಲ ಒತ್ತಿನಲ್ಲೇ ಪೆಡಲ್ ಗಟ್ಟಿಯಾಗಿದೆಯೇ ಎಂದು ನೋಡಬೇಕು ಎಂದೆ.

ಎಣ್ಣೆಯ ತೇವ ಹೀರುವ ಗುಣ, ಡಾಟ್ 3, ಡಾಟ್ 4 ಎಂಬ ದರ್ಜೆಗಳು ಈ ಅವಧಿಗೆ ಸಿಗಲಿಲ್ಲ. ಮುಂದಿನ ಪಾಠ ಯೋಜನೆಯಲ್ಲಿ ಕುದಿಬಿಂದುವಿನ ಜೊತೆ ಅದನ್ನು ಸೇರಿಸಿದ್ದೇನೆ.