ಪಿಸ್ತೂಲು ಒಂದೇ ಇರಲಿ, ಹಿಡಿ ಎರಡಿರಲಿ

ಪಿಸ್ತೂಲು ಅಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಯ ಕಣ್ಣಮುಂದೆ ಬರುವವನು ಸಿನಿಮಾದ ಖಳನಾಯಕ. ತಪ್ಪಿದರೆ ಅವನನ್ನು ಅಟ್ಟಿಸಿಕೊಂಡು ಬರುವ ಪೊಲೀಸ್ ಇನ್ಸ್‌ಪೆಕ್ಟರು. ಹಪ್ಪಳ ಸಂಡಿಗೆಯ ಪುಟಗಳ ನಡುವೆ ಇದೇನಪ್ಪಾ ಪಿಸ್ತೂಲಿನ ಮಾತು ಅಂತ ಹುಬ್ಬೇರಿಸಬೇಡಿ. 2024ರ ಜುಲೈ 28ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹರಿಯಾಣದ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಒಲಿಂಪಿಕ್ ಶೂಟಿಂಗಿನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ಎರಡು ದಿನ ಬಿಟ್ಟು ಸರಬ್‌ಜೋತ್ ಸಿಂಗ್ ಜೊತೆಗೂಡಿ ಮಿಶ್ರ ತಂಡದ ಸ್ಪರ್ಧೆಯಲ್ಲಿ ಇನ್ನೊಂದು ಕಂಚು. ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಕೂಡ ಅದೇ ಸರಬ್‌ಜೋತ್ ಜೊತೆ ನಿಂತು 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಚಿನ್ನ, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದರು. ಕೊಡಗಿನ ಹೆಂಗಸರಿಗಂತೂ ಗುರಿ ಹಿಡಿಯೋದು ಹೊಸದೇನಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಅವರೂ ನಿಲ್ಲುತ್ತಾರೆ.

ಏರ್ ಪಿಸ್ತೂಲು ಓಡಿ ದಣಿಯುವ ಆಟವಲ್ಲ, ವಯಸ್ಸು ನೋಡುವ ಆಟವೂ ಅಲ್ಲ. ನಿಂತಲ್ಲೇ ನಿಂತು, ಒಂದೇ ಕೈ ಚಾಚಿ, ಉಸಿರು ಬಿಗಿಹಿಡಿದು 10 ಮೀಟರ್ ದೂರದ ಗುರಿಗೆ 4.5 ಮಿಲಿಮೀಟರಿನ ಸೀಸದ ಪೆಲೆಟ್ ಹೊಡೆಯಬೇಕು. ಮಕ್ಕಳು ಶಾಲೆಗೆ ಹೋದ ಮೇಲೆ ಕಲಿಯಲು ಶುರು ಮಾಡಿದರೂ ತಡವಲ್ಲ. ತೊಡಕಿರೋದು ಖರ್ಚಿನಲ್ಲಿ. ಪಂದ್ಯಕ್ಕೆ ಒಪ್ಪುವ ಪಿಸ್ತೂಲುಗಳು ಮೊರಿನಿ, ಸ್ಟೆಯರ್, ವಾಲ್ಥರ್ ಅಂತ ಹೊರದೇಶದಿಂದಲೇ ಬರಬೇಕು. ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಮನೆಯಲ್ಲಿ ಇಬ್ಬರಿಗೆ ಆಸೆ ಹುಟ್ಟಿದರೆ ಇಬ್ಬರಿಗೂ ಕೊಳ್ಳೋದು ಎಲ್ಲಿಯ ಮಾತು? ಆಗ ಬರುತ್ತೆ ಹಂಚಿಕೊಳ್ಳುವ ವಿಚಾರ. ಗಂಡ ಹೆಂಡತಿ ಇರಬಹುದು, ಅಕ್ಕ ತಂಗಿ ಇರಬಹುದು, ತಾಯಿ ಮಗಳು ಇರಬಹುದು. ಒಂದು ಪಿಸ್ತೂಲಿನಲ್ಲಿ ಇಬ್ಬರು ಪಂದ್ಯ ಆಡಬಹುದೇ? ಖಂಡಿತ ಆಡಬಹುದು. ಆದರೆ ಯಾವುದನ್ನು ಹಂಚಿಕೊಳ್ಳಬೇಕು, ಯಾವುದನ್ನು ಹಂಚಿಕೊಳ್ಳಲೇಬಾರದು ಅನ್ನೋದನ್ನು ಮೊದಲೇ ತಿಳಿದಿರಬೇಕು.

ತಪ್ಪು ಕೈಯದಲ್ಲ, ಹಿಡಿಯದು

ಒಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನರು ಮೊದಲು ಕ್ಲಬ್ಬಿಗೆ ಸೇರಿದರು, ತಮ್ಮ ಕೈಗೆ ಒಪ್ಪುವ ಪಿಸ್ತೂಲು ಕೊಂಡರು. ಆರು ತಿಂಗಳ ಮೇಲೆ ಹೆಂಡತಿಗೂ ಹುಮ್ಮಸ್ಸು ಬಂತು. ಅದೇ ಪಿಸ್ತೂಲನ್ನೇ ಹಿಡಿದಳು. ಗುಂಡುಗಳೆಲ್ಲ ಒಂದೇ ಪಕ್ಕಕ್ಕೆ ಹೋಗತೊಡಗಿದವು. ಒಂದು ವರ್ಷ ಕಳೆದರೂ ಅಂಕ ಏರಲಿಲ್ಲ. "ನಿನ್ನ ಕೈ ನಡುಗುತ್ತೆ ಕಣೇ, ಇದು ನಿನಗೆ ಬರೋದಿಲ್ಲ ಬಿಡು" ಅಂದರು ಯಜಮಾನರು. ಅವಳೂ ಹೌದು ಅಂದುಕೊಂಡು ಬಿಟ್ಟಳು.

ಇಲ್ಲಿ ನಡೆದದ್ದೇನು ಗೊತ್ತೇ? ಪಂದ್ಯದ ಪಿಸ್ತೂಲಿನ ಹಿಡಿ ಮರದ್ದು. ಅಂಗೈಯ ಉಬ್ಬುತಗ್ಗುಗಳಿಗೆ ತಕ್ಕಂತೆ ಕೆತ್ತಿರುತ್ತಾರೆ. ಅದರಲ್ಲಿ ಸಣ್ಣದು, ಮಧ್ಯಮ, ದೊಡ್ಡದು ಅಂತ ಅಳತೆಗಳಿವೆ. ಎಡಗೈಯವರಿಗೆ ಬೇರೆ, ಬಲಗೈಯವರಿಗೆ ಬೇರೆ. ದೊಡ್ಡ ಹಿಡಿಯನ್ನು ಸಣ್ಣ ಕೈ ಹಿಡಿದರೆ ತೋರುಬೆರಳು ಟ್ರಿಗರಿಗೆ ಸರಿಯಾಗಿ ಎಟುಕುವುದಿಲ್ಲ. ಬೆರಳಿನ ತುದಿ ಮಾತ್ರ ತಾಗಿ, ನೇರ ಹಿಂದಕ್ಕೆ ಎಳೆಯುವ ಬದಲು ಪಕ್ಕಕ್ಕೆ ನೂಕುತ್ತದೆ. ಹಿಡಿ ಸಡಿಲವಿದ್ದರೆ ಬಿಗಿಯಾಗಿ ಹಿಸುಕಬೇಕಾಗುತ್ತದೆ; ಹಿಸುಕಿದ ಕೈ ನಡುಗದೆ ಇನ್ನೇನು ಮಾಡೀತು?

ಆ ಅಲ್ಪ ವ್ಯತ್ಯಾಸ ಎಷ್ಟು ದೊಡ್ಡದಾಗುತ್ತೆ ನೋಡಿ. ಗುರಿಹಲಗೆಯ ನಡುವಿನ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರು, ಅಂದರೆ ಶರ್ಟಿನ ಒಂದು ಗುಂಡಿಯಷ್ಟು. ಪಿಸ್ತೂಲಿನ ಮೇಲೆ ಮುಂದೊಂದು ಹಿಂದೊಂದು ಸೈಟ್ ಇರುತ್ತವೆ. ಸೈಟ್ ಅಂದರೆ ಮನೆ ಕಟ್ಟುವ ಸೈಟಲ್ಲ, ಗುರಿ ನೋಡುವ ಕಬ್ಬಿಣದ ತುಣುಕು! ಇವೆರಡರ ನಡುವಿನ ಅಂತರ ಸುಮಾರು ಒಂದು ಅಡಿ. ಇವುಗಳ ಸಾಲು ಒಂದೇ ಒಂದು ಮಿಲಿಮೀಟರು ವಾರೆಯಾದರೂ ಗುಂಡು ಗುರಿಯಲ್ಲಿ ಮೂರು ಸೆಂಟಿಮೀಟರಿನಷ್ಟು ಆಚೆ ಬೀಳುತ್ತದೆ. ಹತ್ತು ಅಂಕ ಹೋಗಿ ಏಳಾಗುತ್ತದೆ. ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಓಟದ ಪಂದ್ಯಕ್ಕೆ ನಿಂತು, ಸೋತೆನಲ್ಲಾ ಅಂತ ಕಾಲನ್ನು ಬೈದಂತಾಯಿತು.

ಅದಕ್ಕೇ ಮೊದಲ ಮಾತು: ಪಿಸ್ತೂಲು ಕೊಳ್ಳುವ ದಿನವೇ ಎರಡು ಹಿಡಿ ಕೇಳಿ. ಹಿಡಿಯ ಬೆಲೆ ಪಿಸ್ತೂಲಿನ ಬೆಲೆಯ ಸಣ್ಣದೊಂದು ಪಾಲು ಮಾತ್ರ. ಸ್ಕ್ರೂ ಬಿಚ್ಚಿ ಹಾಕಿದರೆ ನಿಮಿಷಗಳಲ್ಲಿ ಬದಲಾಗುತ್ತದೆ. ಹಿಡಿ ಯಾವ ಕೋನದಲ್ಲಿ ಕೂತಿತ್ತು ಅನ್ನೋದಕ್ಕೆ ಒಂದು ಸಣ್ಣ ಗುರುತು ಹಾಕಿಕೊಳ್ಳಿ. ಪ್ರತಿ ಸಲವೂ ಅಲ್ಲಿಗೇ ಕೂರಿಸಿ.

ಯಾವುದನ್ನು ಹಂಚಿಕೊಳ್ಳಬಹುದು?

ಪಿಸ್ತೂಲಿನ ಒಡಲು, ಪೆಟ್ಟಿಗೆ, ಗಾಳಿ ತುಂಬುವ ಪಂಪು, ಶುಚಿ ಮಾಡುವ ಸಾಮಾನು, ಸ್ಕ್ರೂಡ್ರೈವರುಗಳು: ಇವೆಲ್ಲ ಇಬ್ಬರಿಗೂ ಸೇರಿ ಒಂದಿದ್ದರೆ ಸಾಕು. ಪೆಲೆಟ್ಟನ್ನೂ ಒಟ್ಟಿಗೇ ಕೊಳ್ಳಬಹುದು. ಯಾಕೆಂದರೆ ಅದು ಒಪ್ಪಬೇಕಾದದ್ದು ಪಿಸ್ತೂಲಿನ ನಳಿಗೆಗೆ, ನಿಮ್ಮ ಕೈಗಲ್ಲ.

ಗಾಳಿಯ ಸಿಲಿಂಡರು ಮಾತ್ರ ಎರಡಿರಲಿ. ಅದರೊಳಗೆ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ. ಒಂದು ಸಲ ತುಂಬಿದರೆ ನೂರಕ್ಕೂ ಮಿಕ್ಕಿ ಗುಂಡು ಹೊಡೆಯಬಹುದಾದರೂ ಒಬ್ಬರು ಖಾಲಿ ಮಾಡಿಟ್ಟು ಇನ್ನೊಬ್ಬರು ಪಂದ್ಯದ ಹೊತ್ತಿಗೆ ಪರದಾಡುವಂತಾಗಬಾರದು. ಸಿಲಿಂಡರಿನ ಮೇಲೆ ತಯಾರಾದ ತಾರೀಖು ಇರುತ್ತದೆ. ಹತ್ತು ವರ್ಷ ದಾಟಿದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಅವಧಿ ಮೀರದಂತೆ ನೋಡಿಕೊಳ್ಳುವ ಹೊಣೆ ಆಟಗಾರರದೇ.

ಯಾವುದು ನಿಮ್ಮದೇ ಆಗಿರಬೇಕು?

ಹಿಡಿಯ ಮಾತು ಆಯಿತು. ಎರಡನೆಯದು ಕನ್ನಡಕ. ಪಿಸ್ತೂಲು ಹಿಡಿದಾಗ ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕಾದದ್ದು ದೂರದ ಗುರಿಯಲ್ಲ, ಮುಂದಿನ ಸೈಟು. ಗುರಿ ಮಸುಕಾಗಿಯೇ ಕಾಣಬೇಕು. ನಲವತ್ತು ದಾಟಿ ಸೂಜಿಗೆ ದಾರ ಪೋಣಿಸಲು ತಡವರಿಸುವವರಿಗೆ ಇದು ಕಷ್ಟ. ಕೈ ಚಾಚಿದರೆ ಸೈಟ್ ಎಷ್ಟು ದೂರ ಬರುತ್ತದೆಂದು ಅಳೆದು, ಆ ದೂರಕ್ಕೆ ಒಪ್ಪುವ ಮಸೂರವನ್ನು ಕಣ್ಣಿನ ಡಾಕ್ಟರ ಬಳಿ ಬರೆಸಿಕೊಳ್ಳಿ. ಅವರ ಕನ್ನಡಕ ನಿಮಗಾಗದು.

ಮೂರನೆಯದು ಒಂದು ನೋಟ್‌ಬುಕ್ಕು. ಹಿಂದಿನ ಸೈಟನ್ನು ತಿರುಗಿಸಿದರೆ ಕ್ಲಿಕ್ ಕ್ಲಿಕ್ ಸದ್ದಾಗುತ್ತದೆ. ಒಬ್ಬೊಬ್ಬರು ನೋಡುವ, ಹಿಡಿಯುವ ರೀತಿ ಬೇರೆಯಾದ್ದರಿಂದ ಒಬ್ಬೊಬ್ಬರಿಗೂ ಕ್ಲಿಕ್ಕಿನ ಲೆಕ್ಕ ಬೇರೆ. "ಅವರ ಜಾಗದಿಂದ ಮೇಲಕ್ಕೆ ನಾಲ್ಕು, ಬಲಕ್ಕೆ ಎರಡು" ಅಂತ ನಿಮ್ಮದನ್ನು ಬರೆದಿಡಿ. ಹಾಲಿನ ಲೆಕ್ಕ ಬರೆಯುವವರಿಗೆ ಇದೇನು ಮಹಾ! ಪಿಸ್ತೂಲು ಕೈಗೆ ಬಂದ ಕೂಡಲೇ ಮೊದಲು ಪುಸ್ತಕ ನೋಡಿ, ಸೈಟ್ ತಿರುಗಿಸಿ, ಆಮೇಲೆ ಗುಂಡು.

ನಾಲ್ಕನೆಯದು ಟ್ರಿಗರಿನ ಭಾರ. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರು ಕನಿಷ್ಠ 500 ಗ್ರಾಂ ತೂಕವನ್ನು ಎತ್ತಿ ಹಿಡಿಯಬೇಕು, ಅದಕ್ಕಿಂತ ಹಗುರವಿರಬಾರದು. ಜೊತೆಗಾರರು ತಮಗೆ ಹಿತವೆಂದು ಸ್ಕ್ರೂ ಸ್ವಲ್ಪ ತಿರುಗಿಸಿ ಹೇಳದೆ ಇಟ್ಟರೆ? ಪಂದ್ಯ ಮುಗಿದ ಮೇಲೂ ಕೆಲವರನ್ನು ಆರಿಸಿ ತೂಕ ಹಾಕಿ ನೋಡುತ್ತಾರೆ. ಆಗ ತಪ್ಪಿದರೆ ಪಂದ್ಯದಿಂದಲೇ ಹೊರಗೆ. ತಿರುಗಿಸಿದವರು ಯಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಹಾಗಾಗಿ ಒಂದು ಕಟ್ಟುನಿಟ್ಟು ಮಾಡಿಕೊಳ್ಳಿ: ಇಬ್ಬರೂ ಕೂತು ಮಾತಾಡದೆ ಟ್ರಿಗರಿನ ಸ್ಕ್ರೂ ಮುಟ್ಟುವಂತಿಲ್ಲ.

ಪಂದ್ಯದ ದಿನ

ಏರ್ ಪಿಸ್ತೂಲಿನ ಅರ್ಹತಾ ಸುತ್ತಿನಲ್ಲಿ 60 ಗುಂಡು. ಎಲೆಕ್ಟ್ರಾನಿಕ್ ಗುರಿಯಾದರೆ 75 ನಿಮಿಷ. ಮೊದಲು ಹೆಂಗಸರಿಗೆ 40 ಗುಂಡು ಮಾತ್ರ ಇತ್ತು. 2018ರಿಂದ ಗಂಡಸರಿಗೆ ಸಮನಾಗಿ 60. ಪಂದ್ಯಕ್ಕೆ ಮುಂಚೆ 15 ನಿಮಿಷ ಸಿದ್ಧತೆಗೆ, ಸೈಟ್ ಸರಿಪಡಿಸಿಕೊಳ್ಳಲು ಸಿಗುತ್ತದೆ. ಇಬ್ಬರದೂ ಒಂದೇ ಸರದಿಯಲ್ಲಿ ಬಿದ್ದರೆ ಒಂದು ಪಿಸ್ತೂಲು ಏನು ಮಾಡೀತು? ಆದ್ದರಿಂದ ಹೆಸರು ಕೊಡುವಾಗಲೇ "ನಾವಿಬ್ಬರೂ ಒಂದೇ ಪಿಸ್ತೂಲು ಬಳಸುತ್ತೇವೆ, ಬೇರೆ ಬೇರೆ ಸರದಿ ಕೊಡಿ" ಅಂತ ಬರೆದು ತಿಳಿಸಿ. ಬೆಳಿಗ್ಗೆ ಹೋಗಿ ಬೇಡಿಕೊಂಡರೆ ಆಗುವ ಕೆಲಸವಲ್ಲ. ಎರಡು ಸರದಿಗಳ ನಡುವೆ ಹಿಡಿ ಬದಲಿಸಲು, ಉಸಿರಾಡಲು ಹೊತ್ತಿರಲಿ.

ಸಲಕರಣೆ ತಪಾಸಣೆಯಲ್ಲೂ ಎಚ್ಚರ ಬೇಕು. ಪಿಸ್ತೂಲು 1500 ಗ್ರಾಂ ಮೀರಬಾರದು. 420 ಮಿಲಿಮೀಟರು ಉದ್ದ, 200 ಎತ್ತರ, 50 ಅಗಲದ ಪೆಟ್ಟಿಗೆಯಲ್ಲಿ ಹಿಡಿಸಬೇಕು. ಒಮ್ಮೆ ತೋರಿಸಿದ ಮೇಲೆ ಏನಾದರೂ ಬದಲಿಸಿದರೆ ಮತ್ತೆ ತೋರಿಸಬೇಕು. ಆದ್ದರಿಂದ ನಿಮ್ಮ ಹಿಡಿ ಕೂರಿಸಿದ ಪಿಸ್ತೂಲನ್ನು ನಿಮ್ಮ ಹೆಸರಿನಲ್ಲೇ ತೋರಿಸಿ. ಹಾಂ, ಪಿಸ್ತೂಲು ಹಿಡಿಯುವ ಕೈಯಲ್ಲಿ ಬಳೆ, ಕೈಗಡಿಯಾರ ಇರುವಂತಿಲ್ಲ. ಬಳೆಗಳನ್ನು ಇನ್ನೊಂದು ಕೈಗೆ ಹಾಕಿಕೊಂಡರಾಯಿತು!

ಇಬ್ಬರೂ ಸೇರಿ ಮಿಶ್ರ ತಂಡದಲ್ಲಿ ಆಡುವ ಕನಸಿದ್ದರೆ ಮಾತ್ರ ಒಂದು ಪಿಸ್ತೂಲು ಸಾಲದು. ಮನು, ಸರಬ್‌ಜೋತ್ ಆಡಿದ ಆ ಸ್ಪರ್ಧೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು, ಅದೇ 30 ನಿಮಿಷದಲ್ಲಿ ತಲಾ 30 ಗುಂಡು ಹೊಡೆಯಬೇಕು. ಹಂಚಿಕೊಂಡ ಪಿಸ್ತೂಲಿಗೆ ಇನ್ನೊಂದು ಅಪಾಯವೂ ಇದೆ: ಅದು ಕೆಟ್ಟರೆ ಇಬ್ಬರ ಆಟವೂ ನಿಂತಿತು. ಇದೇ ಮನು 2021ರಲ್ಲಿ ಟೋಕಿಯೊದಲ್ಲಿ ಪಂದ್ಯದ ನಡುವೆ ಪಿಸ್ತೂಲು ಕೈಕೊಟ್ಟು, ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡು 12ನೆಯ ಸ್ಥಾನಕ್ಕೆ ಸರಿದದ್ದು ನೆನಪಿದೆಯಲ್ಲವೇ? ಕೆಟ್ಟ ದಿನ ಕೈಗೆ ಸಿಗುವಂತೆ ಕ್ಲಬ್ಬಿನ ಇನ್ನೊಂದು ಪಿಸ್ತೂಲಿನ ಪರಿಚಯ ಇಬ್ಬರಿಗೂ ಇರಲಿ.

ಮನೆಯೊಳಗಿನ ನಿಯಮ

ಪಿಸ್ತೂಲನ್ನು ಎಂದೂ ಕೈಯಿಂದ ಕೈಗೆ ಕೊಡಬೇಡಿ. ಕೊಡುವವರು ತೆರೆದು, ಒಳಗೆ ಗುಂಡಿಲ್ಲವೆಂದು ನೋಡಿ, ನಳಿಗೆಗೆ ಬಣ್ಣದ ಸುರಕ್ಷತಾ ದಾರ ಹಾಕಿ ಮೇಜಿನ ಮೇಲಿಡಬೇಕು. ತೆಗೆದುಕೊಳ್ಳುವವರು ತಾವೂ ನೋಡಿಯೇ ಎತ್ತಬೇಕು. ಗಂಡನ ಮೇಲೆ ನಂಬಿಕೆ ಇಲ್ಲವೇ ಅನ್ನುವ ಪ್ರಶ್ನೆ ಇಲ್ಲಿ ಬರುವುದಿಲ್ಲ. ಮನೆಯಲ್ಲಿ ಬೀರುವಿನೊಳಗೆ ಬೀಗ, ಬೀಗದ ಕೈ ಮಕ್ಕಳಿಗೆ ಸಿಗದ ಕಡೆ. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಒಲೆಯ ಬಳಿ ಹೋಗಬೇಡಿ, ಮಕ್ಕಳಿಗೆ ತುತ್ತು ಕೊಡಬೇಡಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ರೇಂಜಿಗೆ ಇಳಿಯುವುದು ಬೇಡ.

ಎಲ್ಲಕ್ಕಿಂತ ಕಷ್ಟದ ಹಂಚಿಕೆ ಹೊತ್ತಿನದು. ಬೆಳಗಿನ ತಂಪು ಹೊತ್ತು ಒಬ್ಬರಿಗೇ, ಉಳಿದದ್ದು ಇನ್ನೊಬ್ಬರಿಗೆ ಅಂತಾದರೆ ಆ ಇನ್ನೊಬ್ಬರು ಯಾರೆಂದು ಹೇಳಬೇಕಾಗಿಲ್ಲ! ತಿಂಡಿ, ಡಬ್ಬಿ, ನೀರು ಎಲ್ಲ ಮುಗಿದ ಮೇಲೆ ಸುಸ್ತಾದ ತೋಳಿಗೆ ಸುಮಾರು ಒಂದು ಕಿಲೋ ತೂಕದ ಪಿಸ್ತೂಲು ಕೊಟ್ಟರೆ ಗುರಿ ನಿಲ್ಲುವುದೆಲ್ಲಿ? ಕ್ಯಾಲೆಂಡರಿನ ಮೇಲೆ ಬರೆಯಿರಿ. ಸೋಮವಾರ ಮೊದಲ ಸರದಿ ನಿಮ್ಮದು, ಮಂಗಳವಾರ ಅವರದು. ನಿಮ್ಮ ಸರದಿಯ ದಿನ ಕಾಫಿ ಕಾಸುವುದೂ ಅವರದೇ. ಪಿಸ್ತೂಲು ಇನ್ನೊಬ್ಬರ ಕೈಯಲ್ಲಿರುವಾಗಲೂ ಅಭ್ಯಾಸ ನಿಲ್ಲಬೇಕಿಲ್ಲ. ಒಂದು ಲೀಟರು ನೀರು ತುಂಬಿದ ಬಾಟಲಿ ಹಿಡಿದು, ಬರಿಗೋಡೆಗೆ ಎದುರಾಗಿ ತೋಳು ಚಾಚಿ ಹತ್ತೋ ಹದಿನೈದೋ ಸೆಕೆಂಡು ನಿಲ್ಲಿ. ಇಳಿಸಿ, ದಣಿವಾರಿಸಿಕೊಂಡು ಮತ್ತೆ ನಿಲ್ಲಿ. ನಿಮ್ಮ ಸರದಿ ಬಂದಾಗ ಪೆಲೆಟ್ ಹಾಕದೆ ಟ್ರಿಗರ್ ಎಳೆಯುವ ಅಭ್ಯಾಸ ಮನೆಯಲ್ಲೇ ಆಗುತ್ತದೆ. ಇದಕ್ಕಾಗಿ ಈ ಪಿಸ್ತೂಲುಗಳಲ್ಲೇ ಏರ್ಪಾಟಿರುತ್ತದೆ. ಖರ್ಚಿಲ್ಲ, ಸದ್ದಿಲ್ಲ.

ಜೊತೆಗಾರ ಒಳ್ಳೆಯವರಾದರೆ ಲಾಭ ಪಿಸ್ತೂಲಿಗಿಂತ ದೊಡ್ಡದು. ಪಟಿಯಾಲದ ದಂತವೈದ್ಯೆ ಹೀನಾ ಸಿಧು 2014ರಲ್ಲಿ ಏರ್ ಪಿಸ್ತೂಲಿನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದವರು. ಅವರ ಪತಿ ರೋನಕ್ ಪಂಡಿತ್ ತಾವೂ ಪಿಸ್ತೂಲು ಪಟು. 2006ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ಆಮೇಲೆ ಹೆಂಡತಿಯ ತರಬೇತುದಾರರಾಗಿ ಪಕ್ಕದಲ್ಲಿ ನಿಂತರು. ನಿಮ್ಮ ಗುಂಡು ಪಕ್ಕಕ್ಕೆ ಹೋದಾಗ "ನಿನಗೆ ಬರೋದಿಲ್ಲ" ಅನ್ನುವ ಬದಲು "ಹಿಡಿ ಸರಿಯಿದೆಯಾ ನೋಡೋಣ" ಅನ್ನುವ ಒಬ್ಬರು ಮನೆಯಲ್ಲಿದ್ದರೆ ಅರ್ಧ ಪಂದ್ಯ ಗೆದ್ದಂತೆ.

ಈಗಾಗಲೇ ಮನೆಯಲ್ಲಿ ಒಂದು ಪಿಸ್ತೂಲಿದ್ದು, "ನನ್ನ ಕೈಗೆ ಗುರಿ ಇಲ್ಲ" ಅಂತ ನೀವು ಬಿಟ್ಟುಬಿಟ್ಟಿದ್ದರೆ, ಒಂದು ಸಲ ಕ್ಲಬ್ಬಿನ ತರಬೇತುದಾರರಿಗೆ ನಿಮ್ಮ ಅಂಗೈ ತೋರಿಸಿ, ಯಾವ ಅಳತೆಯ ಹಿಡಿ ಬೇಕೆಂದು ಕೇಳಿ. ಆ ಹಿಡಿ ಹಾಕಿ, ನಿಮ್ಮ ಕ್ಲಿಕ್ಕು ತಿರುಗಿಸಿ ಹತ್ತು ಗುಂಡು ಹೊಡೆದು ನೋಡಿ. ಬರುತ್ತೋ ಇಲ್ಲವೋ ಅನ್ನೋದನ್ನು ಆಮೇಲೆ ನೀವೇ ತೀರ್ಮಾನ ಮಾಡಿ.