ಹಳೆಯ ಗಾಡಿಗೆ ಹಸಿವೇಕೆ ಹೆಚ್ಚಿತು?

ನಿಡಸೋಸಿಯೆಂದೊಡನೆ ವಾಚಕರಿಗೆ ಶ್ರೀ ದುರದುಂಡೀಶ್ವರ ಮಠವು ನೆನಪಾಗುವುದು ಸಹಜ. ಹುಕ್ಕೇರಿ ತಾಲೂಕಿನ ಈ ಊರಿಗೆ ಸಂಕೇಶ್ವರವು ಕೂಗಳತೆಯ ದೂರ. ಪುಣೆ-ಬೆಂಗಳೂರು ಹೆದ್ದಾರಿಯೂ ಹತ್ತಿರದಲ್ಲಿಯೇ ಹಾದುಹೋಗುತ್ತದೆ. ಸುತ್ತಲೂ ಕಬ್ಬಿನ ಸೀಮೆ. ಆದರೆ ಇಲ್ಲಿಯ ಸಣ್ಣ ರೈತನ ದಿನನಿತ್ಯದ ಜೀವನವನ್ನು ಹೊತ್ತು ತಿರುಗುವುದು ಕಬ್ಬಿನ ಟ್ರ್ಯಾಕ್ಟರಲ್ಲ, ಪಿಕಪ್ ಗಾಡಿ. ಬೆಳಕು ಹರಿಯುವ ಮೊದಲೇ ಕಾಯಿಪಲ್ಲೆ ಹೇರಿಕೊಂಡು ಒಂದು ಬೆಳಗಾವಿಯ ದಾರಿ ಹಿಡಿದರೆ, ಇನ್ನೊಂದು ಏದುಸಿರು ಬಿಡುತ್ತ ತವಂದಿ ಘಾಟವನ್ನೇರಿ ನಿಪ್ಪಾಣಿ, ಕೊಲ್ಲಾಪುರಗಳತ್ತ ಸಾಗುತ್ತದೆ.

ಈ ಗಾಡಿಗಳ ಒಡೆಯರು ಎಲ್ಲಿ ಕೂಡಿದರೂ ಒಂದು ಮಾತು ಕಿವಿಗೆ ಬೀಳದೆ ಇರದು: "ಯಾಕೋ ಆವರೇಜ್ ಬಿದ್ದೈತಿ." ಸರಾಸರಿ ಎಂಬ ಅರ್ಥದ ಆ ಬಡಪಾಯಿ ಇಂಗ್ಲಿಷ್ ಶಬ್ದವು ಈ ಗಡಿನಾಡಿನಲ್ಲಿ ತನ್ನ ಗಣಿತವನ್ನೆಲ್ಲ ಮರೆತು, ಲೀಟರಿಗೆ ಗಾಡಿ ಎಷ್ಟು ಓಡುತ್ತದೆ ಎಂಬುದಕ್ಕೆ ಹೆಸರಾಗಿ ನಿಂತಿದೆ. ಮಾತು ಹಗುರವಾಗಿ ಕೇಳಿಸಬಹುದು, ಲೆಕ್ಕ ಹಗುರವಾದುದಲ್ಲ. ಹೋಗಿಬರುವ ದಾರಿ 120 ಕಿಲೋಮೀಟರೆಂದು ಇಟ್ಟುಕೊಳ್ಳೋಣ. ಲೀಟರಿಗೆ 12 ಓಡುತ್ತಿದ್ದ ಗಾಡಿಗೆ 10 ಲೀಟರು ಸಾಕು. ಅದೇ ಗಾಡಿ 9ಕ್ಕೆ ಇಳಿದರೆ 13 ಲೀಟರಿಗೂ ಮಿಕ್ಕಿ ಬೇಕು. ತಿಂಗಳಿಗೆ 25 ಸಲ ಹೋದರೆ ವ್ಯರ್ಥವಾಗುವುದು 83 ಲೀಟರು. ಲೀಟರಿಗೆ 90 ರೂಪಾಯಿಯಂತೆ 7,500 ರೂಪಾಯಿ! ಗಾಡಿಯ ಸಾಲದ ಕಂತಿಗೆ ಇಡಬೇಕಾದ ಹಣ ಹೊಗೆಯಾಗಿ ಹೋಯಿತೆಂದೇ ಅರ್ಥ.

ಇಂಥ ಇಕ್ಕಟ್ಟಿಗೆ ಸಿಲುಕಿದ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಿ. ಗಾಡಿಗೆ ಹದಿನಾಲ್ಕು ವರ್ಷ. "ಎಂಜಿನ್ ಸವದೈತಿ, ಬೋರ್ ಮಾಡಸು" ಎಂದು ನಾಲ್ಕು ಜನ ಹೇಳಿದ್ದಾರೆ. ಪತ್ತಿನ ಸಂಘದಲ್ಲಿ ಸಾಲಕ್ಕೆ ಅರ್ಜಿ ಬರೆದು ಕಿಸೆಯಲ್ಲಿಟ್ಟುಕೊಂಡೇ ಅವನು ಹಳೆಯ ಮಿಸ್ತ್ರಿಯೊಬ್ಬನ ಬಳಿಗೆ ಬಂದಿದ್ದಾನೆ.

"ಎಂಜಿನ್ ಬಿಚ್ಚೂದು ಕಡೀ ಮಾತು, ತಮ್ಮಾ. ಮೊದಲ ನಿನ್ನ ಲೆಕ್ಕಾ ಹೇಳು."

"ಲೆಕ್ಕಾ ಏನ್ರಿ ಕಾಕಾ, ಐನೂರು ರೂಪಾಯಿದು ಹಾಕಸ್ತೀನಿ, ಮುಳ್ಳ ಇಳದಬಿಡತೈತಿ."

ತಪ್ಪು ಇಲ್ಲಿಂದಲೇ ಮೊದಲಾಗುತ್ತದೆ. ಮುಳ್ಳಿನ ಸಾಕ್ಷ್ಯವನ್ನು ನಂಬತಕ್ಕದ್ದಲ್ಲ. ಟಾಕಿಯನ್ನು ಪೂರ್ತಿ ತುಂಬಿಸಿ ಕಿಲೋಮೀಟರನ್ನು ಬರೆದಿಡಬೇಕು. ಎಂದಿನ ದಾರಿಯಲ್ಲಿ ಎಂದಿನ ಭಾರ ಹೇರಿ ಓಡಿಸಬೇಕು. ಮತ್ತೆ ಅದೇ ಪಂಪಿನಲ್ಲಿ ಮೊದಲಿನ ಮಟ್ಟಕ್ಕೇ ತುಂಬಿಸಿ, ಹಿಡಿದ ಲೀಟರುಗಳಿಂದ ಓಡಿದ ದೂರವನ್ನು ಭಾಗಿಸಬೇಕು. ಒಂದು ಸಲದ ಲೆಕ್ಕ ಮೋಸಮಾಡೀತು. ಮೂರು ಸಲದ್ದು ಸುಳ್ಳು ಹೇಳುವುದು ಕಡಿಮೆ. ದೂರ ತೋರಿಸುವ ಮೀಟರನ್ನೂ ಹೆದ್ದಾರಿಯ ಕಿಲೋಮೀಟರು ಕಲ್ಲುಗಳೊಡನೆ ತಾಳೆ ನೋಡಬೇಕು. ಮೊದಲಿಗಿಂತ ದೊಡ್ಡ ಅಳತೆಯ ಟಾಯರು ಹಾಕಿಸಿದ್ದರೆ ಗಾಡಿ ಹೆಚ್ಚು ಓಡಿದರೂ ಮೀಟರು ಕಡಿಮೆ ತೋರಿಸುತ್ತದೆ. ಹಾಗಾದಾಗ ರೋಗವಿರುವುದು ಕಾಗದದ ಮೇಲೆ ಮಾತ್ರ.

ಲೆಕ್ಕ ನಿಜವೆಂದಾದ ಮೇಲೂ ಬಾನೆಟ್ಟಿಗೆ ಕೈಹಾಕುವ ಅವಸರ ಬೇಡ. ಚಕ್ರಗಳಿಂದಲೇ ಆರಂಭಿಸಬೇಕು. ಗಾಳಿ ಕಡಿಮೆಯಾದ ಟಾಯರು ಉರುಳುವಾಗ ಪ್ರತಿ ಸುತ್ತಿಗೂ ಮಡಿಚಿಕೊಳ್ಳುತ್ತದೆ, ಆ ಮಡಿಕೆಯ ಶ್ರಮವನ್ನು ಡೀಸೆಲ್ಲೇ ಭರಿಸಬೇಕು. ಬರಿದಾದ ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಗಿಯರು ಬಿಡಿಸಿ, ಹ್ಯಾಂಡ್‌ಬ್ರೇಕು ಇಳಿಸಿ ಇಬ್ಬರು ತಳ್ಳಿ ನೋಡಲಿ. ಸರಾಗವಾಗಿ ಉರುಳದಿದ್ದರೆ ಎಲ್ಲಿಯೋ ಬ್ರೇಕು ಹಿಡಿದುಕೊಂಡಿದೆ. ಹತ್ತು ಮೈಲಿ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಡ್ರಮ್ಮು ಮಾತ್ರ ಉಳಿದವುಗಳಿಗಿಂತ ಬಹಳ ಕಾದಿದ್ದರೆ ಕಳ್ಳ ಸಿಕ್ಕಂತೆಯೇ. ಕೈಯನ್ನು ಹತ್ತಿರ ಒಯ್ದರೆ ಸಾಕು, ಮುಟ್ಟುವ ಸಾಹಸ ಬೇಡ. ಕೆಸರು, ತುಕ್ಕು ಹಿಡಿದ ಹ್ಯಾಂಡ್‌ಬ್ರೇಕಿನ ಕೇಬಲ್ಲು ಹಳೆಯ ಗಾಡಿಗಳಲ್ಲಿ ಈ ಕಳ್ಳತನಕ್ಕೆ ಪ್ರಸಿದ್ಧ.

ಆಮೇಲೆ ಹೊಗೆ. ವೈದ್ಯನಿಗೆ ನಾಲಗೆಯಿದ್ದಂತೆ ಮಿಸ್ತ್ರಿಗೆ ಸೈಲೆನ್ಸರು. ಕಪ್ಪು ಹೊಗೆಯೆಂದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ನೀಲಿ ಛಾಯೆಯಿದ್ದರೆ ಎಂಜಿನ್ ಆಯಿಲು ಒಳಗೆ ಸುಡುತ್ತಿದೆ. ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ಲು ಉರಿಯದೆ ಹೊರಬೀಳುತ್ತಿರಬಹುದು, ಇಲ್ಲವೆ ನೀರು ಒಳಸೇರುತ್ತಿರಬಹುದು. ಕಬ್ಬಿನ ಹಂಗಾಮಿನಲ್ಲಿ ಹೊಲದ ದಾರಿಗಳ ಧೂಳು ಹಿಟ್ಟಿನಂತೆ ಏಳುವಾಗ ಏರ್‌ಫಿಲ್ಟರು ಬಹುಬೇಗ ಕಟ್ಟುತ್ತದೆ. ಕಪ್ಪು ಹೊಗೆ ಕಂಡವನು ಮೊದಲು ಬಿಚ್ಚಬೇಕಾದದ್ದು ಅದನ್ನೇ. ಟರ್ಬೋ ಇರುವ ಗಾಡಿಯಾದರೆ ರಬ್ಬರಿನ ಗಾಳಿಕೊಳವೆ ಒಡೆದಿದೆಯೇ ನೋಡಬೇಕು.

ಡೀಸೆಲ್ ಎಂಜಿನ್ನಿನ ಗುಟ್ಟೇ ಗಾಳಿಯಲ್ಲಿದೆ. ಒಳಗೆಳೆದ ಗಾಳಿಯನ್ನು ಹದಿನೈದು-ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು ಕೆಂಡದಂತೆ ಕಾಯುತ್ತದೆ. ಆಗ ಮಂಜಿನಂತೆ ಸಿಂಪಡಿಸಿದ ಎಣ್ಣೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲನ ಯಂತ್ರದ ಪರೀಕ್ಷೆ ನಡೆದಾಗ, ಅದು ಇಂಧನದ ಶಕ್ತಿಯಲ್ಲಿ ನಾಲ್ಕರಲ್ಲೊಂದು ಪಾಲಿಗೂ ತುಸು ಹೆಚ್ಚನ್ನು ಕೆಲಸವಾಗಿ ಪರಿವರ್ತಿಸಿತು. ಅಂದಿನ ಉಗಿಯಂತ್ರಗಳ ಮುಂದೆ ಅದೊಂದು ವಿಸ್ಮಯವೇ ಸರಿ. ಆ ಮಂಜು ಕೆಟ್ಟರೆ ಎಲ್ಲವೂ ಕೆಟ್ಟಂತೆ. ನೋಝಲ್ಲು ಸವೆದು ಸಿಂಪಡಿಸುವ ಬದಲು ಹನಿಯಿಕ್ಕತೊಡಗಿದರೆ ಎಣ್ಣೆ ಅರೆಬರೆ ಉರಿದು ಮಸಿಯಾಗುತ್ತದೆ. ಪಂಪು-ನೋಝಲ್ಲಿನ ಅಂಗಡಿಯಲ್ಲಿ ಒತ್ತಡ ಕೊಟ್ಟು ಪರೀಕ್ಷಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಚಿಮ್ಮುವ ಆ ಎಣ್ಣೆಗೆ ಬೆರಳೊಡ್ಡುವುದು ಮಾತ್ರ ಸರ್ವಥಾ ಕೂಡದು. ಅದು ಚರ್ಮವನ್ನು ತೂರಿ ಒಳಹೊಕ್ಕು ಬೆರಳನ್ನೇ ಕಳೆಯಬಲ್ಲದು.

ನಮ್ಮ ತರುಣನ ಗಾಡಿಯಲ್ಲಿ ಹೊಗೆ ಅಷ್ಟೇನೂ ಕಪ್ಪಾಗಿರಲಿಲ್ಲ. ಮಿಸ್ತ್ರಿಯ ಕಣ್ಣು ಬಿದ್ದದ್ದು ಉಷ್ಣತೆಯ ಮುಳ್ಳಿನ ಮೇಲೆ. ಅರ್ಧಗಂಟೆ ಓಡಿಸಿದರೂ ಅದು ಕೆಳಗಿನ ಗೆರೆಯನ್ನು ಬಿಟ್ಟು ಮೇಲೇಳಲೊಲ್ಲದು!

"ಥರ್ಮೋಸ್ಟ್ಯಾಟ್ ತಗಸೀಯೇನು?"

"ಎರಡ ವರ್ಷದ ಹಿಂದ ಘಾಟ್‌ನ್ಯಾಗ ನೀರು ಕುದೀತಿತ್ರಿ. ಒಬ್ಬಾವ ತಗದು ಒಗದ. ಆಮ್ಯಾಲಿಂದ ಗಾಡಿ ತಣ್ಣಗೈತ್ರಿ."

ತಣ್ಣಗಿರುವುದು ಒಳ್ಳೆಯದೆಂಬ ಈ ನಂಬಿಕೆ ನಮ್ಮ ದೇಶದ ಗ್ಯಾರೇಜುಗಳಲ್ಲಿ ಬಹುಕಾಲದಿಂದ ಬೇರೂರಿದೆ. ಅದರಿಂದಾದ ನಷ್ಟ ಅಷ್ಟಿಷ್ಟಲ್ಲ. ಥರ್ಮೋಸ್ಟ್ಯಾಟೆಂಬುದು ಎಂಜಿನ್ನಿನ ನೀರಿನ ದಾರಿಯ ಬಾಗಿಲು. ಅದರೊಳಗಿನ ಮೇಣವು ಸುಮಾರು ಎಂಬತ್ತು ಡಿಗ್ರಿಯ ಹೊತ್ತಿಗೆ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ; ಅಲ್ಲಿಯವರೆಗೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲಿಯೇ ಸುತ್ತಿ ಅದನ್ನು ಬೇಗ ಹದಕ್ಕೆ ತರುತ್ತದೆ. ಬಾಗಿಲನ್ನೇ ಕಿತ್ತೆಸೆದರೆ ಎಂಜಿನ್ನು ಸದಾ ಚಳಿಯಲ್ಲಿಯೇ ದುಡಿಯಬೇಕು. ಸಿಲಿಂಡರಿನ ತಂಪು ಗೋಡೆ ಶಾಖವನ್ನು ಹೀರುತ್ತದೆ, ಆಯಿಲು ಮಂದವಾಗಿಯೇ ಉಳಿದು ಎಳೆತ ಹೆಚ್ಚುತ್ತದೆ, ಉರಿಯದ ಡೀಸೆಲ್ಲು ಗೋಡೆಗುಂಟ ಇಳಿದು ಆಯಿಲನ್ನು ತಿಳಿಗೊಳಿಸಿ ಸವೆತಕ್ಕೂ ದಾರಿಮಾಡುತ್ತದೆ. ಅಂದು ನೀರು ಕುದಿದದ್ದಾದರೂ ಏತಕ್ಕೆ? ರೇಡಿಯೇಟರಿನ ನಾಳಗಳಲ್ಲಿ ಬೋರ್‌ವೆಲ್ಲಿನ ಗಡಸುನೀರಿನ ಸುಣ್ಣ ಕಟ್ಟಿತ್ತು. ರೋಗವೊಂದು, ಕೊಯ್ದು ತೆಗೆದ ಅಂಗವೇ ಇನ್ನೊಂದು.

ಇನ್ನುಳಿದವುಗಳನ್ನು ಬೇಗ ಹೇಳಬಹುದು. ಘಾಟವೇರುವಾಗ ಎಂಜಿನ್ನಿನ ಕೂಗು ಹೆಚ್ಚಿ ವೇಗ ಹೆಚ್ಚದಿದ್ದರೆ ಕ್ಲಚ್ಚು ಜಾರುತ್ತಿದೆ. ನಿಂತ ಗಾಡಿಯ ಕೆಳಗೆ ರದ್ದಿನ ಕಾಗದ ಹಾಸಿದರೆ ಪೈಪಿನ ಸೋರಿಕೆ ಬೆಳಗಾಗುವಷ್ಟರಲ್ಲಿ ತಾನೇ ಸಹಿಮಾಡಿರುತ್ತದೆ.

ಚಾಲಕನ ಕಾಲಿನ ದೋಷವನ್ನೂ ಹೇಳದೆ ಬಿಡುವಂತಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 60ರಲ್ಲಿ ಹೋಗುವ ಬದಲು 80ರಲ್ಲಿ ಹೋದರೆ ಆ ತಡೆ ಮುಕ್ಕಾಲು ಪಾಲಿಗೂ ಮಿಕ್ಕಿ ಹೆಚ್ಚುತ್ತದೆ. ಸಡಿಲಾಗಿ ಪಟಪಟಿಸುವ ತಾಡಪತ್ರಿಯೂ ಡೀಸೆಲ್ಲನ್ನೇ ತಿನ್ನುತ್ತದೆ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಉಳಿಸುತ್ತೇವೆಂಬ ಜಾಣರೂ ಉಂಟು. ಗಿಯರಿನಲ್ಲಿ ಇಳಿಯುವ ಡೀಸೆಲ್ ಗಾಡಿಗೆ, ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಪಂಪು ಬಹುಮಟ್ಟಿಗೆ ಎಣ್ಣೆಯನ್ನೇ ಬಿಡುವುದಿಲ್ಲ. ಎಂಜಿನ್ ನಿಲ್ಲಿಸಿದವನಿಗೆ ಉಳಿತಾಯವಂತೂ ಇಲ್ಲ, ಬ್ರೇಕಿಗೆ ಬಲಕೊಡುವ ವ್ಯಾಕ್ಯೂಮು ಮಾತ್ರ ಕೈಬಿಡುತ್ತದೆ.

ರೇಡಿಯೇಟರನ್ನು ತೊಳೆಸಿ, ಹೊಸ ಥರ್ಮೋಸ್ಟ್ಯಾಟ್ ಕೂಡಿಸಿ, ಎಡಗಡೆಯ ಹಿಂದಿನ ಚಕ್ರದ ಬ್ರೇಕು ಬಿಡಿಸಿದ ಮೇಲೆ ತರುಣನು ಮೂರು ಸಲ ಟಾಕಿ ತುಂಬಿಸಿ ಲೆಕ್ಕ ಬರೆದು ತಂದ. 120 ಕಿಲೋಮೀಟರಿಗೆ ಹತ್ತೂವರೆ ಲೀಟರು. ಮಿಸ್ತ್ರಿ ಕನ್ನಡಕ ಏರಿಸಿಕೊಂಡು ಆ ಪುಸ್ತಕವನ್ನು ಎರಡು ಸಲ ಓದಿದ.

"ಉಳದ ಅರ್ಧಾ ಲೀಟರ ನೋಝಲ್‌ನ್ಯಾಗ ಇರಬೇಕು. ಅಮಾಸಿ ದಿನಾ ಹೆಂಗೂ ಗಾಡಿ ಪೂಜಿಗೆ ನಿಲ್ಲಸ್ತಿ, ಅವತ್ತ ತಗೊಂಡ ಬಾ."

ಕಿಸೆಯಲ್ಲಿದ್ದ ಸಾಲದ ಅರ್ಜಿಯ ಬೆನ್ನಿನ ಮೇಲೆಯೇ ತರುಣನು ಅಮಾವಾಸ್ಯೆಯ ತಾರೀಖನ್ನು ಬರೆದುಕೊಂಡ.